ಮೂರು ಚಿಪ್, ಒಂದೇ ಸಿ ಸೋರ್ಸ್: ನನ್ನ ಅನುಭವ

"ಮೂರು ಚಿಪ್‌ಗೆ ಒಂದೇ ಸೋರ್ಸ್ ಆಗೋ ಮಾತಲ್ಲ, ಬ್ರಾಂಚ್ ಬೇರೆ ಬೇರೆ ಇಟ್ಕೊಳ್ಳಿ" (ಚಿಪ್‌ಗೊಂದು ಕೋಡಿನ ಪ್ರತಿ) ಅಂದವರಲ್ಲಿ ಇಬ್ಬರು ಈಗ ನನ್ನ ಹೆಡರ್ ಫೈಲ್ (ಟೈಪ್‌ಗಳನ್ನು ಬರೆದಿಟ್ಟ ಕಡತ) ಕೇಳುತ್ತಿದ್ದಾರೆ. ಕೊಡಬಹುದಾದಷ್ಟನ್ನು ಇಲ್ಲಿ ಬರೆದಿದ್ದೇನೆ.

ಪೀಣ್ಯದಲ್ಲಿ ಪಂಪ್ ಕಂಟ್ರೋಲರ್ ಮಾಡುವ ಸಣ್ಣ ಘಟಕ ನಮ್ಮದು. ಮೊದಲು ಎಲ್ಲವೂ ಎವಿಆರ್ ಎಂಬ 8 ಬಿಟ್ ಚಿಪ್ ಮೇಲೆ. 2021ರಲ್ಲಿ ಚಿಪ್‌ಗಳಿಗೆ ಬರ ಬಂತಲ್ಲ, ಆಗ ಇನ್ನೂರು ರೂಪಾಯಿ ಆಸುಪಾಸಿನ ಚಿಪ್‌ಗೆ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಾವಿರದ ಹತ್ತಿರ ಕೇಳಿದರು. ಡೀಲರ್ ಒಬ್ಬರ ಹತ್ತಿರ ಹಳೇ ಸ್ಟಾಕಿನ 32 ಬಿಟ್ ಚಿಪ್, ಕಾರ್ಟೆಕ್ಸ್-ಎಂ3 ಸಿಕ್ಕಿತು, ಅದಕ್ಕೆ ಹೋದೆವು. ಕೋಡ್ ತುಂಬ ಯುಇಂಟ್8, ಯುಇಂಟ್16 (ಸರಿಯಾಗಿ 8, 16 ಬಿಟ್‌ನ, ಮೈನಸ್ ಇಲ್ಲದ ಸಂಖ್ಯೆ) ಎಂದೇ ಇದ್ದುದರಿಂದ ಮತ್ತೆ ಕಂಪೈಲ್ ಮಾಡಿದರೆ ಮುಗಿಯಿತು ಅಂತ ಎಲ್ಲರ ನಂಬಿಕೆ.

ಬೆಂಚ್ ಮೇಲೆ ಎಲ್ಲ ಸರಿ. ಹೊಲಕ್ಕೆ ಹೋದ ಬೋರ್ಡ್ ಮಾತ್ರ, ವೋಲ್ಟೇಜ್ ಇಳಿದು ಟ್ರಿಪ್ ಆದ ಮೇಲೆ ಮೂವತ್ತು ಸೆಕೆಂಡ್ ಕಾದು ಮೋಟರ್ ಎತ್ತಬೇಕಿತ್ತು, ಹತ್ತಿರಹತ್ತಿರ ಅರ್ಧ ಸಲ ಎತ್ತುತ್ತಲೇ ಇರಲಿಲ್ಲ. ನಲವತ್ತು ಬೋರ್ಡ್ ವಾಪಸ್ ಬಂದವೇನೋ. ಕೊರಿಯರ್, ಟೆಕ್ನೀಷಿಯನ್ ಬಸ್ ಖರ್ಚು, ಬದಲಿ ಬೋರ್ಡ್ ಎಲ್ಲ ಸೇರಿ ನಲವತ್ತು ಸಾವಿರಕ್ಕೆ ಕಡಿಮೆ ಇಲ್ಲ. ರಿಲೇ ಬದಲಾಯಿಸಿದರು, ಕೆಪಾಸಿಟರ್ ಹಾಕಿದರು. ಕಾರಣ ಒಂದೇ ಸಾಲಿನಲ್ಲಿತ್ತು: ಈಗಿನ ಟಿಕ್‌ನಿಂದ (ಮಿಲಿಸೆಕೆಂಡ್ ಎಣಿಕೆ) ಟ್ರಿಪ್ ಆದಾಗಿನ ಹಳೇ ಟಿಕ್ ಕಳೆದು 30000ಕ್ಕೆ ಹೋಲಿಸುವುದು. ಎರಡೂ ಯುಇಂಟ್16, 65535 ಆದ ಮೇಲೆ ಮತ್ತೆ ಸೊನ್ನೆ. ಎವಿಆರ್‌ನಲ್ಲಿ ಇಂಟ್ (ಸಿ ಲೆಕ್ಕ ಮಾಡುವ ಸಾಮಾನ್ಯ ಪೂರ್ಣಾಂಕ) 16 ಬಿಟ್, ಕಳೆದದ್ದು ಸುತ್ತಿ ಬಂದು ಸರಿಯಾದ ಉತ್ತರ ಕೊಡುತ್ತದೆ. ಎಂ3ಯಲ್ಲಿ ಇಂಟ್ 32 ಬಿಟ್, ಎರಡೂ ಅದಕ್ಕೆ ಬಡ್ತಿ ಪಡೆದು ಉತ್ತರ ಮೈನಸ್ ಆಗುತ್ತದೆ. ಟಿಕ್ 35535 ದಾಟಿದ ಮೇಲೆ ಟ್ರಿಪ್ ಆದರೆ ಆ ಮೋಟರ್ ಕಾಯುತ್ತಲೇ ಕೂರಬೇಕು. ಬೆಂಚ್ ಮೇಲೆ ಪವರ್ ಕೊಟ್ಟ ಕೂಡಲೇ ಟೆಸ್ಟ್ ಮಾಡುತ್ತಿದ್ದರು, ಎಲ್ಲಿಂದ ಸಿಗಬೇಕು! ಉತ್ತರಕ್ಕೆ 16 ಬಿಟ್ ಮಾಸ್ಕ್ ಹಾಕಿದೆ, ಅಂದರೆ ಕೆಳಗಿನ 16 ಬಿಟ್ ಮಾತ್ರ ಇಟ್ಟುಕೊಂಡೆ, ಮುಗಿಯಿತು.

ಉಲ್ಟಾ ಕಥೆಯೂ ಇದೆ. ಎಂ3ಯಲ್ಲಿ ಬರೆದ ಪವರ್ ಲೆಕ್ಕವನ್ನು ಹಳೇ ಬೋರ್ಡ್‌ಗೆ ಹಾಕಿದರೆ ಸಾವಿರ ಗುಣಿಸು ಸಾವಿರ 16960: ಹತ್ತು ಲಕ್ಷ 16 ಬಿಟ್‌ನಲ್ಲಿ ಹಿಡಿಸದೆ ಉಳಿದದ್ದು ಅಷ್ಟೇ.

ಆಮೇಲೆ ಸೋಲಾರ್ ಡ್ರೈವ್‌ಗೆ ಮೂರನೇ ಚಿಪ್ ಸಿ2000 ಬಂತು. ಅದರ ಸಿ28ಎಕ್ಸ್ ಕೋರ್‌ನಲ್ಲಿ ಕ್ಯಾರ್ (ಸಿಯ ಅತಿ ಚಿಕ್ಕ ಟೈಪ್, ಬೇರೆ ಕಡೆ 8 ಬಿಟ್) ಅಂದರೆ 16 ಬಿಟ್, ಯುಇಂಟ್8 ಇರುವುದೇ ಇಲ್ಲ. ಸಿ ಭಾಷೆಯ ಸ್ಟ್ಯಾಂಡರ್ಡ್ ಪ್ರಕಾರ ಅದು ತಪ್ಪೂ ಅಲ್ಲ. ನಮ್ಮವರೊಬ್ಬರು ಅನ್‌ಸೈನ್ಡ್ ಕ್ಯಾರ್‌ಗೆ ಯುಇಂಟ್8 ಅಂತ ಟೈಪ್‌ಡೆಫ್ ಹೊಡೆದರು, ಅಂದರೆ ಆ ಹೆಸರು ಕೊಟ್ಟರು ಅಷ್ಟೇ. ಕಂಪೈಲ್ ಆಯಿತು, ಸಿಹಿ ಹಂಚಿದ್ದೂ ಆಯಿತು. ಮಾಡ್‌ಬಸ್‌ನಲ್ಲಿ (ಯಂತ್ರಗಳು ತಂತಿಯ ಮೇಲೆ ಡೇಟಾ ಕಳಿಸುವ ಪದ್ಧತಿ) ವಿಚಿತ್ರ: ರೀಡಿಂಗ್ 255ರ ಒಳಗಿದ್ದರೆ ಸರಿ, 415 ವೋಲ್ಟ್ ಬಂದರೆ ಸಿಆರ್‌ಸಿ (ಡೇಟಾ ಕೆಟ್ಟಿದೆಯೇ ಎಂದು ನೋಡುವ ಲೆಕ್ಕ) ತಪ್ಪು. ತಂತಿಗೆ ಕಳಿಸುವ ಯುಎಆರ್‌ಟಿ ಕೆಳಗಿನ 8 ಬಿಟ್ ಮಾತ್ರ ಕಳಿಸುತ್ತದೆ, ಹಾಗಾಗಿ ತಂತಿಯ ಮೇಲೆ ಡೇಟಾ ಚೆನ್ನಾಗಿಯೇ ಕಾಣುತ್ತಿತ್ತು. ಸಿಆರ್‌ಸಿ ಲೆಕ್ಕಕ್ಕೆ ಮಾತ್ರ ಮೇಲಿನ ಬಿಟ್‌ಗಳೂ ನುಗ್ಗುತ್ತಿದ್ದವು. ಇದು ತಿಳಿಯುವಷ್ಟರಲ್ಲಿ ತಂತಿಯದೇ ತಪ್ಪೆಂದು ಎರಡು ಆರ್‌ಎಸ್-485 (ಆ ತಂತಿಯ ಬಗೆ) ಕನ್ವರ್ಟರ್ ಹೊಸದು ಬಂದಿದ್ದವು, ಮೂರು ಸಾವಿರ ದಂಡ. ಹೊರಗಿನ ಕನ್ಸಲ್ಟೆಂಟ್ ಬೇರೆ ಬ್ರಾಂಚ್ ಮಾಡಿಕೊಡಲು ಒಂದೂವರೆ ಲಕ್ಷ ಕೇಳಿದರು. ನಾನೇ ಮಾಡ್ತೀನಿ ಬಿಡಿ ಅಂದೆ.

ಮಾಡಿದ್ದು ಇಷ್ಟೇ. ಬಿಟ್ ಅಗಲದ ಚಿಂತೆಯೆಲ್ಲ ತಂತಿಯ ಬಾಗಿಲಲ್ಲಿ, ಡೇಟಾ ತಂತಿಗೆ ಹೋಗಿ ಬರುವ ಜಾಗದಲ್ಲಿ. ಫ್ರೇಮ್ (ಒಂದು ಮಾಡ್‌ಬಸ್ ಸಂದೇಶ) ಅಂದರೆ ಯುಇಂಟ್-ಲೀಸ್ಟ್8ರ (ಕನಿಷ್ಠ 8 ಬಿಟ್ ಇರುವ ಟೈಪ್) ಅರೇ. ಒಳಗೆ ಹೋಗುವ ಒಂದೊಂದು ಬೈಟಿಗೂ 255ರ ಮಾಸ್ಕ್, ರಿಜಿಸ್ಟರ್ ಒಡೆಯುವುದು ಶಿಫ್ಟ್‌ನಿಂದ. ಸ್ಟ್ರಕ್ಟ್ (ಒಟ್ಟಿಗೆ ಕಟ್ಟಿದ ಡೇಟಾ) ಅನ್ನು ಇದ್ದ ಹಾಗೇ ಮೆಮ್‌ಕಾಪಿ ಮಾಡುವ ಹಾಗಿಲ್ಲ, ಯಾರೇ ಆಗಲಿ. ಒಳಗಿನ ಲೆಕ್ಕಕ್ಕೆ ಲೀಸ್ಟ್16, ಲೀಸ್ಟ್32. ಸಿ99 (ಸಿ ಭಾಷೆಯ 1999ರ ಸ್ಟ್ಯಾಂಡರ್ಡ್) ಕಂಪೈಲರ್ ಯಾವುದಾದರೂ ಅವು ಇರಲೇಬೇಕು. ಗುಣಿಸುವ ಮುಂಚೆ ಒಂದು ಕಡೆಯ ಸಂಖ್ಯೆಯನ್ನು 32 ಬಿಟ್‌ಗೆ ಕ್ಯಾಸ್ಟ್ (ಟೈಪ್ ಬದಲಾವಣೆ). ಸಂಖ್ಯೆ ಬರೆದು ತೋರಿಸುವ ಪ್ರಿಂಟ್‌ಎಫ್‌ಗೆ, ಟೈಪ್‌ಗೆ ತಕ್ಕ ಫಾರ್ಮ್ಯಾಟ್ ಕೊಡುವ ಪಿಆರ್‌ಐ ಮ್ಯಾಕ್ರೋಗಳು.

ನಡುವೆ ಫಾಸ್ಟ್16 (ಕನಿಷ್ಠ 16 ಬಿಟ್, ವೇಗದ್ದು ಎನ್ನುವ ಟೈಪ್) ಕೂಡ ಪ್ರಯತ್ನಿಸಿದೆ, ಹೆಸರು ಆಸೆ ಹುಟ್ಟಿಸುತ್ತದಲ್ಲ. ನನ್ನ 64 ಬಿಟ್ ಲಿನಕ್ಸ್‌ನಲ್ಲಿ ಅದು 8 ಬೈಟ್! ಟೆಸ್ಟ್ ಬಫರ್ ನಾಲ್ಕು ಪಟ್ಟು ಊದಿತು, ವೇಗ ಏನೂ ಹೆಚ್ಚಲಿಲ್ಲ. ತೆಗೆದು ಹಾಕಿದೆ. ಕನ್ವರ್ಷನ್ ವಾರ್ನಿಂಗ್ (ಟೈಪ್ ಬದಲಾಗಿ ಸಂಖ್ಯೆ ಕೆಡಬಹುದಾದ ಕಡೆ ಕಂಪೈಲರ್ ಕೊಡುವ ಎಚ್ಚರಿಕೆ) ಹಾಕಿದಾಗ ಎಂಟುನೂರು-ಒಂಬೈನೂರು ಸಾಲು ಸುರಿಯಿತು. ಎಲ್ಲ ಓದಿದೆ, ನಿಜವಾದ ಬಗ್ ಹತ್ತರ ಒಳಗೆ.

16 ಬಿಟ್ ಇಂಟ್‌ನ ತೊಂದರೆಗಳನ್ನು ಪಿಸಿಯಲ್ಲೇ ಹಿಡಿಯುವ ಟೆಸ್ಟ್ ಒಂದು ಮಾಡಿಕೊಂಡಿದ್ದೇನೆ. ಅದನ್ನು ಹೇಳಲ್ಲ, ಹೊಟ್ಟೆಪಾಡು.

ಎವಿಆರ್‌ನಲ್ಲಿ ಕೋಡ್ ಮುನ್ನೂರು ಬೈಟ್‌ನಷ್ಟು ಬೆಳೆಯಿತು, ಪರವಾಗಿಲ್ಲ. ಕಳೆದ ತಿಂಗಳು ಒಬ್ಬರು ರಿಸ್ಕ್-ವಿ (ಇನ್ನೊಂದು ಬಗೆಯ ಚಿಪ್) ಬೋರ್ಡ್ ಒಂದನ್ನು ತಂದು "ಇದರ ಮೇಲೂ ಓಡಿಸಿ ನೋಡೋಣ" ಅಂತ ಸವಾಲು ಹಾಕಿದರು. ಸಂಜೆಯೊಳಗೆ ಓಡಿತು. ಬದಲಾಯಿಸಿದ್ದು ಚಿಪ್‌ಗೇ ಸೇರಿದ ಲಿಂಕರ್ ಸ್ಕ್ರಿಪ್ಟ್, ಸ್ಟಾರ್ಟ್‌ಅಪ್ ಫೈಲ್ ಮತ್ತು ಡ್ರೈವರ್‌ಗಳನ್ನು ಮಾತ್ರ.