ಟೇಕಲ್‌ನಿಂದ ಮಾಲೂರಿನವರೆಗೆ: ಫೋನಿನ ಜೀತದಿಂದ ಹೊರಗೆ ಬರುವ ಬಗೆ

ನಮ್ಮ ತಾತ ಬಂಗಾರಪೇಟೆ ಹತ್ತಿರದ ಒಂದು ಹಳ್ಳಿಯಲ್ಲಿ ಜೀತಕ್ಕಿದ್ದರು. ಮದುವೆಗೆ ಅಂತ ಮಾಡಿದ ಸಾಲಕ್ಕೆ ಹನ್ನೊಂದು ವರ್ಷ ದುಡಿದರು. 1976ರ ಕಾಯ್ದೆ ಜೀತವನ್ನು ರದ್ದು ಮಾಡಿತು, ಆ ಸಾಲವನ್ನೂ ಅಳಿಸಿತು. ಆದರೆ ಬಿಡುಗಡೆಯಾದ ಮೇಲೂ ತಾತ ಎಷ್ಟೋ ದಿನ ಕೋಳಿ ಕೂಗುವ ಹೊತ್ತಿಗೆ ಎದ್ದು ಯಜಮಾನರ ಕೊಟ್ಟಿಗೆ ಕಡೆ ನಡೆದುಬಿಡುತ್ತಿದ್ದರಂತೆ. ಅಜ್ಜಿ ಹಿಂದೆ ಓಡಿ, ಕೈ ಹಿಡಿದು ಕರೆದುಕೊಂಡು ಬರುತ್ತಿದ್ದರು.

ಆ ಕಥೆ ನನಗೆ ಅರ್ಥವಾದದ್ದು ರೈಲಿನಲ್ಲಿ. ನಾನು ದಿನಾ ಬಂಗಾರಪೇಟೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗುವವನು. ಫೋನಿನಲ್ಲಿ ದುಡ್ಡಿಟ್ಟು ರಮ್ಮಿ ಆಡುವುದು ಕಲಿತೆ. ಟೇಕಲ್ ಬರುವಷ್ಟರಲ್ಲಿ ಒಂದಾಟ, ಮಾಲೂರು ದಾಟುವಷ್ಟರಲ್ಲಿ ಮೂರು. ಕಳೆದದ್ದನ್ನು ವಾಪಸ್ ತರಲು ಸಾಲದ ಆ್ಯಪ್, ಆ ಸಾಲ ತೀರಿಸಲು ಇನ್ನೊಂದು ಆ್ಯಪ್. ಹದಿನಾಲ್ಕು ತಿಂಗಳಲ್ಲಿ 1,86,000 ರೂಪಾಯಿ ಹೋಯಿತು. ಭಾನುವಾರ ಚರ್ಚಿನ ಸಭೆಯಲ್ಲಿ ಕಾಣಿಕೆ ಚೀಲ ಹಿಡಿದು ನಿಲ್ಲುತ್ತಿದ್ದವನೂ ನಾನೇ.

ನಿಮ್ಮದು ರಮ್ಮಿ ಅಲ್ಲದಿರಬಹುದು. ಕುಡಿತ ಇರಬಹುದು, ರೀಲ್ಸ್ ಇರಬಹುದು, ಮಧ್ಯರಾತ್ರಿ ಕದ್ದು ನೋಡುವ ವಿಡಿಯೊ ಇರಬಹುದು, ಇಎಂಐ ಮೇಲೆ ಇಎಂಐ ಇರಬಹುದು. ಹೊರಗೆ ಬರುವ ದಾರಿ ಹೆಚ್ಚುಕಡಿಮೆ ಒಂದೇ.

ಮೊದಲು ಬರೆಯಲು ಒಂದು ಪುಸ್ತಕ ತೆಗೆದುಕೊಳ್ಳಿ. "ಇದು ತಪ್ಪಾ?" ಅಂತ ಕೇಳಿಕೊಂಡರೆ ಮನಸ್ಸು ನೂರು ನೆಪ ಹೇಳುತ್ತದೆ. "ಇಲ್ಲಿ ಯಜಮಾನ ಯಾರು?" ಅಂತ ಕೇಳಿಕೊಳ್ಳಿ. ಬೈಬಲಿನಲ್ಲಿ ಕೊರಿಂಥದವರಿಗೆ ಬರೆದ ಮೊದಲ ಪತ್ರದ 6:12ರಲ್ಲಿ ಅಪೊಸ್ತಲ ಪೌಲನ ಮಾತು ಅದೇ. ಏನೆಲ್ಲ ಮಾಡಲು ಅಪ್ಪಣೆ ಇದ್ದರೂ ನಾನು ಯಾವುದರ ಕೈಕೆಳಗೂ ಹೋಗುವುದಿಲ್ಲ ಅನ್ನುತ್ತಾನೆ. ಒಂದು ವಾರ ಬರೆಯಿರಿ. ಕೈ ಯಾವ ಹೊತ್ತಿಗೆ ಅದರ ಕಡೆ ಹೋಯಿತು, ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು, ಎಷ್ಟು ಕಳೆದಿರಿ. ನಾನು ಆಸೆಯಿಂದ ಆಡುತ್ತಿದ್ದೇನೆ ಅಂದುಕೊಂಡಿದ್ದೆ. ಪುಸ್ತಕದಲ್ಲಿ ಕಂಡದ್ದು ಭಯ. ಸಾಲದವರ ಫೋನ್ ಬಂದ ದಿನವೇ ಜಾಸ್ತಿ ಆಡಿದ್ದೆ.

ಇನ್ನು ಕಷ್ಟದ ಹೆಜ್ಜೆ. ಒಬ್ಬರಿಗೆ ಹೇಳಿ.

ನಾನು ಇದನ್ನು ತುಂಬಾ ತಡವಾಗಿ ಮಾಡಿದೆ. ಈಸ್ಟರ್‌ಗೆ ಮುಂಚೆ ಬರುವ ಲೆಂಟ್ ಕಾಲದ ನಲವತ್ತು ದಿನ ಮುಟ್ಟುವುದಿಲ್ಲ ಅಂತ ಒಬ್ಬನೇ ಮೊಣಕಾಲೂರಿ ದೇವರಿಗೆ ಮಾತು ಕೊಟ್ಟೆ, ಉಪವಾಸವನ್ನೂ ಮಾಡಿದೆ. ಈಸ್ಟರ್ ಕಳೆದ ಸೋಮವಾರ ಟೇಕಲ್ ಬರುವ ಮುಂಚೆಯೇ ಫೋನ್ ಕೈಯಲ್ಲಿತ್ತು. ಆ ವಾರ ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ಓದುತ್ತಿದ್ದೆ. ಸತ್ತಿದ್ದ ಲಾಜರನನ್ನು ಎಬ್ಬಿಸಿದ್ದು ಯೇಸುಸ್ವಾಮಿ. ಆದರೆ ಅವನು ಸಮಾಧಿಯಿಂದ ಹೊರಗೆ ಬಂದಾಗ ಕೈಕಾಲಿಗೆ ಬಟ್ಟೆ ಸುತ್ತಿಯೇ ಇತ್ತು. ಅದನ್ನು ಬಿಚ್ಚಿ ಅಂತ ಸ್ವಾಮಿ ಹೇಳಿದ್ದು ಸುತ್ತ ನಿಂತಿದ್ದವರಿಗೆ. ಕೈ ಕಟ್ಟಿದವನು ತನ್ನ ಕಟ್ಟು ತಾನೇ ಹೇಗೆ ಬಿಚ್ಚಿಕೊಳ್ಳುತ್ತಾನೆ? ಅಜ್ಜಿ ತಾತನ ಹಿಂದೆ ಓಡಿದ್ದೂ ಇದಕ್ಕೇ ಅಲ್ವಾ?

ಯಾರಿಗೆ ಹೇಳಬೇಕು ಅನ್ನುವುದನ್ನು ಯೋಚಿಸಿ. ಗುಟ್ಟು ಬಿಟ್ಟುಕೊಡದವರು ಬೇಕು. ಕೇಳಿ ಗಾಬರಿಯಾಗದವರು, ಕೂತು ಲೆಕ್ಕ ಮಾಡುವವರು ಬೇಕು. ನಾನು ಸಭೆಯ ಒಬ್ಬ ಹಿರಿಯಣ್ಣನ ಮನೆಗೆ ಹೋದೆ. ಹೇಳಲು ಮುಕ್ಕಾಲು ಗಂಟೆ ಹಿಡಿಯಿತು. ಪೂರ್ತಿ ಮೊತ್ತ ಹೇಳಿ, ಅರ್ಧ ಮುಚ್ಚಿಡಬೇಡಿ. ಮರುದಿನ ಅವರನ್ನು ಜೊತೆಗೆ ಕರೆದುಕೊಂಡು ಬಂದು ಹೆಂಡತಿಗೆ ಹೇಳಿದೆ. ಅವಳು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಎಟಿಎಂ ಕಾರ್ಡ್ ಕೇಳಿದಳು.

ಕಾಣಿಕೆ ಕೊಟ್ಟರೆ ಒಂದೇ ರಾತ್ರಿಗೆ ಬಿಡುಗಡೆ ಮಾಡಿಸುತ್ತೇವೆ ಅನ್ನುವವರ ಹತ್ತಿರ ದಯವಿಟ್ಟು ಹೋಗಬೇಡಿ. ನಮ್ಮ ಬಿಡುಗಡೆಗೆ ಕ್ರಿಸ್ತನು ಶಿಲುಬೆಯ ಮೇಲೆ ಬೆಲೆ ಕೊಟ್ಟಾಗಿದೆ.

ದುಡ್ಡಿನ ಕೆಲಸ ಅದೇ ವಾರ ಮುಗಿಸಿ. ಆ್ಯಪ್ ಅಳಿಸಿದರೆ ಸಾಲದು, ಅಕೌಂಟನ್ನೇ ಮುಚ್ಚಿಸಿ. ಯುಪಿಐ ಮನೆಯವರ ಫೋನಿನಲ್ಲಿರಲಿ. ಎಲ್ಲಾ ಸಾಲ ಒಂದೇ ಹಾಳೆಯಲ್ಲಿ ಬರೆಯಿರಿ, ಹೊಸದು ಮಾಡಬೇಡಿ. ಸಾಲದ ಆ್ಯಪಿನವರು ನಿಮ್ಮ ಫೋಟೊ ಪರಿಚಯದವರಿಗೆ ಕಳಿಸುತ್ತೇವೆ ಅಂತ ಹೆದರಿಸಿದರೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ಅಪರಾಧದ ಸಹಾಯವಾಣಿ. ಸಾಯುವ ಯೋಚನೆ ಬಂದರೆ ತಡ ಮಾಡಬೇಡಿ. 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಫೋನಿನ ಗೀಳಿಗೆ ಅಂತಲೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆ. ಡಾಕ್ಟರ ಹತ್ತಿರ ಹೋದರೆ ನಂಬಿಕೆ ಕಡಿಮೆಯಾಯಿತು ಅಂತ ಅಲ್ಲ.

ಆಮೇಲೆ ಆ ಹೊತ್ತನ್ನು ತುಂಬಬೇಕು. ಬೈಬಲಿನ ಮತ್ತಾಯ 12ರಲ್ಲಿ ಒಬ್ಬನನ್ನು ಬಿಟ್ಟುಹೋದ ದುರಾತ್ಮ ತಿರುಗಿ ಬಂದು ನೋಡುತ್ತದೆ. ಮನೆ ಗುಡಿಸಿ ಚೊಕ್ಕಟವಾಗಿದೆ, ಒಳಗೆ ಯಾರೂ ಇಲ್ಲ. ಹೋಗಿ ಇನ್ನೂ ಏಳನ್ನು ಕರೆದುಕೊಂಡು ಬರುತ್ತದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಒಳ್ಳೆಯ ಕೆಲಸ. ಆದರೆ ನಮ್ಮ ಬೋಗಿಯ ಒಬ್ಬರು ರಮ್ಮಿ ನಿಂತ ವಾರವೇ, ಷೇರಿನ ಬೆಲೆ ಏರುತ್ತೋ ಇಳಿಯುತ್ತೋ ಅಂತ ದುಡ್ಡು ಹಾಕುವ ಆಪ್ಷನ್ಸ್ ಹಿಡಿದರು. ತಾತನ ಕಾಲಿನ ಹಾಗೆಯೇ ಅವರ ಬೆರಳು.

ನನಗೆ ಕಷ್ಟದ ಹೊತ್ತು ಟೇಕಲ್‌ನಿಂದ ಮಾಲೂರಿನವರೆಗೆ. ಈಗ ಬಂಗಾರಪೇಟೆಯಲ್ಲೇ ಫೋನನ್ನು ಊಟದ ಚೀಲದ ತಳಕ್ಕೆ ಹಾಕಿ ಮೇಲೆ ಇಡುತ್ತೇನೆ. ಒಂದು ಕೀರ್ತನೆ ಓದುತ್ತೇನೆ, ಬಾಯಿಬಿಟ್ಟು, ಮೆಲ್ಲಗೆ. ಆಮೇಲೆ ಎದುರು ಸೀಟಿನವರ ಹತ್ತಿರ ಟೊಮೆಟೊ ರೇಟು ಕೇಳುತ್ತೇನೆ. ಮೊದಲ ಮೂರು ವಾರ ಕೈ ನಡುಗುತ್ತಿತ್ತು. ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಜೀತಕ್ಕಿದ್ದ ಇಸ್ರಾಯೇಲರೂ ಸಮುದ್ರ ದಾಟಿ ಬಿಡುಗಡೆಯಾಗಿ ಬಂದ ಮೇಲೆ ಅಲ್ಲಿನ ಮಾಂಸದ ಪಾತ್ರೆಗಳನ್ನು ನೆನೆಸಿಕೊಂಡರು. ನಿಮಗೂ ನೆನಪಾಗುತ್ತದೆ, ಹೆದರಬೇಡಿ.

ಜಾರಿದರೆ ಅದೇ ದಿನ, ಮಲಗುವ ಮುಂಚೆ ಹೇಳಿಬಿಡಿ. ನಾನು ಎರಡು ಸಲ ಜಾರಿದೆ. ಎರಡನೇ ಸಲ ವೈಟ್‌ಫೀಲ್ಡ್ ಪ್ಲಾಟ್‌ಫಾರ್ಮಿನಲ್ಲಿ ಇಳಿದು ಆ ಹಿರಿಯಣ್ಣನಿಗೆ ಫೋನ್ ಮಾಡಿ ಅತ್ತೆ. ಅವರು ಬೈಯಲಿಲ್ಲ, ಬೋಧನೆಯನ್ನೂ ಮಾಡಲಿಲ್ಲ. ಎಷ್ಟು ಹೋಯಿತು ಅಂತ ಕೇಳಿದರು. 700 ಅಂದೆ. "ಪುಸ್ತಕದಲ್ಲಿ ಬರ್ಕೋ. ಸಾಯಂಕಾಲ ಸ್ಟೇಷನ್ನಿಗೆ ಬರ್ತೀನಿ, ಒಟ್ಟಿಗೆ ಮನೆಗೆ ಹೋಗೋಣ" ಅಂದರು.