ನಂದಿ ತಪ್ಪಲಿನ ವೈನರಿಗೆ ಹೋಗುವ ಮುನ್ನ ಮಲ್ಲಿಗೆ ತೆಗೆದಿಡಿ

ಮೊದಲು ಬೆಟ್ಟ, ಆಮೇಲೆ ವೈನ್. ಈ ಕ್ರಮವನ್ನು ನಾವು ಯಾವತ್ತೂ ಹಿಂದುಮುಂದು ಮಾಡುವುದಿಲ್ಲ. ನಂದಿಬೆಟ್ಟದ ತುದಿ 1478 ಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ಹತ್ತುವ ರಸ್ತೆಯ ತಿರುವುಗಳನ್ನು ಐದು ಗ್ಲಾಸ್ ರುಚಿ ನೋಡಿದವರ ಕೈಗೆ ಕೊಡಬಾರದು. ಬೆಳಗಿನ ಮಂಜು ನೋಡಿ ಒಂಬತ್ತರ ಹೊತ್ತಿಗೆ ಇಳಿದು, ತಿಂಡಿ ಮುಗಿಸಿ, ಹನ್ನೊಂದರ ಸುಮಾರಿಗೆ ದೊಡ್ಡಬಳ್ಳಾಪುರ ಸೀಮೆಯ ರಘುನಾಥಪುರದಲ್ಲಿರುವ ಗ್ರೋವರ್ ಜಂಪಾ ವೈನರಿಯ ದ್ರಾಕ್ಷಿ ತೋಟ ಸೇರಿದರೆ ಸರಿಯಾಗುತ್ತದೆ. ಹಿಂದಿನ ದಿನವೇ ಫೋನ್ ಮಾಡಿ ಸಮಯ ಗೊತ್ತು ಮಾಡಿಕೊಳ್ಳಿ. ಗಾಂಧಿ ಜಯಂತಿಯಂದು ಮತ್ತು ಚುನಾವಣೆಯ ಮದ್ಯ ನಿಷೇಧದ ದಿನಗಳಲ್ಲಿ ವೈನ್ ಸಿಗುವುದಿಲ್ಲ. 21 ತುಂಬದವರಿಗೆ ಗ್ಲಾಸ್ ಕೊಡುವುದಿಲ್ಲ.

ಹೋಗುವುದಾದರೆ ಕೊಯ್ಲಿನ ಕಾಲ, ಫೆಬ್ರವರಿ ಅಥವಾ ಮಾರ್ಚ್. ಉಳಿದ ತಿಂಗಳಲ್ಲಿ ಸ್ಟೀಲ್ ಟ್ಯಾಂಕ್ ನೋಡಿ ಬರಬೇಕಾಗುತ್ತದೆ, ಅಷ್ಟೇ. ಯುರೋಪಿನ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ನಮ್ಮ ಬಿಸಿಲಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಅದಕ್ಕೇ ವರ್ಷಕ್ಕೆ ಎರಡು ಸಲ ಕಡ್ಡಿ ಕತ್ತರಿಸಿ ಸವರುತ್ತಾರೆ. ವಿಜಯಪುರದ ಬೆಳೆಗಾರರು ಇದನ್ನೇ ಚಾಟ್ನಿ ಅನ್ನುತ್ತಾರೆ. ಕೊಯ್ಲಾದ ಮೇಲೆ, ಏಪ್ರಿಲ್ ಸುಮಾರಿಗೆ, ಮಾಡುವುದು ಕಡ್ಡಿ ಬೆಳೆಯಲಿಕ್ಕೆ. ಸೆಪ್ಟೆಂಬರ್-ಅಕ್ಟೋಬರಿನದು ಗೊಂಚಲು ಬಿಡಲಿಕ್ಕೆ. ಆ ಗೊಂಚಲು ಒಣ ಹವೆಯಲ್ಲಿ ಹಣ್ಣಾಗುವುದರಿಂದ ಕೊಳೆಯುವ ಭಯ ಕಡಿಮೆ.

ದಾರಿಯಲ್ಲಿ ಬೆಂಗಳೂರು ನೀಲಿ ದ್ರಾಕ್ಷಿ ಕಾಲು ಕಿಲೋ ಕೊಂಡುಕೊಳ್ಳಿ. ತೋಟದಲ್ಲಿ ಕೇಳಿ, ಶಿರಾಜ್ ಅಥವಾ ಕ್ಯಾಬರ್ನೆ ಸಾವಿನ್ಯೋಂ ಎಂಬ ವೈನ್ ತಳಿಯ ಹಣ್ಣೊಂದನ್ನು ಅದರ ಪಕ್ಕ ಇಟ್ಟು ತಿಂದು ನೋಡಿ. ವೈನ್ ದ್ರಾಕ್ಷಿ ಸಣ್ಣದು, ಸಿಪ್ಪೆ ದಪ್ಪ, ಬೀಜ ಹೆಚ್ಚು, ಸಿಹಿಯಂತೂ ಜೋರು. ಕೆಂಪು ವೈನಿಗೆ ಸಾಮಾನ್ಯವಾಗಿ 22ರಿಂದ 24 ಬ್ರಿಕ್ಸ್ (ರಸದ ಸಕ್ಕರೆ ಅಳೆಯುವ ಮಾನ) ಬಂದಾಗ ಕೊಯ್ಯುತ್ತಾರೆ. ಬ್ರಿಕ್ಸ್ ಅಂಕಿಯನ್ನು 0.55ರಿಂದ ಗುಣಿಸಿದರೆ ವೈನಿನ ಮದ್ಯಸಾರದ ಪ್ರಮಾಣ ಹತ್ತಿರಹತ್ತಿರ ಸಿಗುತ್ತದೆ: 23 ಇದ್ದರೆ ಸುಮಾರು ಶೇ. 12.7.

ಒಳಗೆ ನೆಲ ಯಾವಾಗಲೂ ಒದ್ದೆ, ಚರಂಡಿಯ ಮೇಲೆ ಕಬ್ಬಿಣದ ಜಾಲರಿ. ಹೈಹೀಲ್ಸ್ ಬೇಡ. ಬಿಳಿ ವೈನಿಗೆ ಹಣ್ಣನ್ನು ಹಿಂಡಿ ರಸ ಮಾತ್ರ 12ರಿಂದ 16 ಡಿಗ್ರಿಯಲ್ಲಿ ಹುದುಗಿಸುತ್ತಾರೆ, ಕೆಂಪಿಗೆ ಸಿಪ್ಪೆಯ ಸಮೇತ 25ರಿಂದ 30 ಡಿಗ್ರಿಯಲ್ಲಿ. ಬಣ್ಣ, ಒಗರು ಎರಡೂ ಸಿಪ್ಪೆಯಿಂದಲೇ ಇಳಿಯಬೇಕು, ಅದಕ್ಕೆ. ಒಂದು ಎಚ್ಚರ: ಹುದುಗುತ್ತಿರುವ ಟ್ಯಾಂಕಿನ ಬಾಯಿಗೆ ಬಗ್ಗಿ ಮೂಸಬೇಡಿ. ಮೇಲೆ ತುಂಬಿರುವುದು ಇಂಗಾಲದ ಡೈಆಕ್ಸೈಡ್. ಒಂದೇ ಉಸಿರಿಗೆ ಮೂಗು ಉರಿದು ತಲೆ ತಿರುಗುತ್ತದೆ. ಫೋಟೋ ಆಸೆಗೆ ಏಣಿ ಹತ್ತುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಇನ್ನು ರುಚಿ. ಕೆಲಸದ ಮುಕ್ಕಾಲು ಪಾಲು ಮೂಗಿನದು. ಅದನ್ನು ಬೆಳಗ್ಗೆಯಿಂದಲೇ ಕಾಪಾಡಿಕೊಳ್ಳಬೇಕು. ಸೆಂಟು ಬೇಡ. ಮುಡಿಯ ಮಲ್ಲಿಗೆಯನ್ನು ಕಾರಿನಲ್ಲೇ ಬಿಡಿ. ನಿಮಗೆ ಮಾತ್ರವಲ್ಲ, ಪಕ್ಕದ ನಾಲ್ವರಿಗೂ ಅದು ವೈನಿನ ಕಂಪನ್ನು ಮುಚ್ಚಿಬಿಡುತ್ತದೆ. ಇಡ್ಲಿ, ಖಾಲಿ ದೋಸೆ ತಿನ್ನಿ, ಖಾರದ ಚಟ್ನಿಗೆ ಅವತ್ತೊಂದು ದಿನ ರಜೆ ಕೊಡಿ. ಫಿಲ್ಟರ್ ಕಾಫಿ, ಎಲೆಅಡಿಕೆ ಕೊನೆಯ ಒಂದು ಗಂಟೆಯಲ್ಲಿ ಬೇಡ. ಖಾಲಿ ಹೊಟ್ಟೆಯಲ್ಲಂತೂ ಹೋಗಲೇಬೇಡಿ.

ಗ್ಲಾಸನ್ನು ಕಾಂಡದಲ್ಲಿ ಹಿಡಿದು, ಬಿಳಿ ಹಾಳೆಯ ಮೇಲೆ ಓರೆ ಮಾಡಿ ಬಣ್ಣ ನೋಡಿ. ಆಡಿಸುವ ಮೊದಲು ಒಮ್ಮೆ, ಆಡಿಸಿದ ಮೇಲೆ ಒಮ್ಮೆ ಮೂಸಿ. ಎರಡು ಚಮಚದಷ್ಟು ಬಾಯಿಗೆ ತೆಗೆದುಕೊಂಡು, ತುಟಿ ಸ್ವಲ್ಪ ತೆರೆದು ಗಾಳಿ ಎಳೆದು, ಬಾಯೆಲ್ಲ ಹೊರಳಿಸಿ ಉಗುಳಿ. ಸಾವಿನ್ಯೋಂ ಬ್ಲಾಂಕ್ ಎಂಬ ಬಿಳಿ ವೈನಿನಲ್ಲಿ ಸೀಬೆಕಾಯಿ, ಕತ್ತರಿಸಿದ ಹುಲ್ಲು ಹುಡುಕಿ. ಶಿರಾಜ್‌ನಲ್ಲಿ ನೇರಳೆ, ಕರಿಮೆಣಸು. ಆ ಮೆಣಸು ಕವಿಕಲ್ಪನೆಯಲ್ಲ. ರೊಟುಂಡೋನ್ ಎಂಬ ಒಂದೇ ವಸ್ತು ಎರಡರಲ್ಲೂ ಇದೆ. ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ಅದು ಹತ್ತುವುದೇ ಇಲ್ಲ, ಆದ್ದರಿಂದ ಸಿಗದಿದ್ದರೆ ಸುಮ್ಮನೆ ತಲೆಯಾಡಿಸಬೇಡಿ. ಒಸಡು ಬಿಗಿಯುವ ಗುಣಕ್ಕೆ ನಮ್ಮ ಭಾಷೆಯಲ್ಲಿ ಒಗರು ಎಂಬ ಅಚ್ಚುಕಟ್ಟಾದ ಪದವಿದೆ. ಟ್ಯಾನಿನ್ ಎಂದು ತಡವರಿಸುವ ಅಗತ್ಯವಿಲ್ಲ.

ಕುಡಿಯುವ ಕ್ರಮ ನೊರೆ ವೈನ್, ಬಿಳಿ, ತಿಳಿಗೆಂಪು ರೋಸೆ, ಕೆಂಪು, ಕೊನೆಗೆ ಸಿಹಿ. ಸಿಹಿಯನ್ನು ಮೊದಲು ಕುಡಿದರೆ ಜಾಮೂನಿನ ಮೇಲೆ ಮೂಸಂಬಿ ತಿಂದ ಹಾಗೆ, ಮುಂದಿನದೆಲ್ಲ ಹುಳಿ. ಕೆಂಪನ್ನು ಹೊರಗಿನ ಸೆಕೆಯಲ್ಲೇ ಇಟ್ಟು ಸುರಿದರೆ ಮದ್ಯಸಾರವೇ ಮೂಗಿಗೆ ಹೊಡೆಯುತ್ತದೆ. ಹತ್ತು ನಿಮಿಷ ಐಸ್ ಬಕೆಟ್ಟಿನಲ್ಲಿಡಲು ಕೇಳಿ, 16ರಿಂದ 18 ಡಿಗ್ರಿ ಸಾಕು. ಬಿಳಿ ತೀರಾ ತಣ್ಣಗಿದ್ದರೆ ಕಂಪೇ ಏಳದು. ಅಂಗೈಗಳಲ್ಲಿ ಹಿಡಿದು ಬೆಚ್ಚಗೆ ಮಾಡಿ. ಒದ್ದೆ ರಟ್ಟಿನ ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ. ಕತ್ತರಿಸಿಟ್ಟು ಕಂದಿದ ಸೇಬಿನ ವಾಸನೆ ಬಂದರೆ ಬಾಟಲಿ ನಿನ್ನೆ ಮೊನ್ನೆ ತೆರೆದದ್ದು. ಸಂಕೋಚ ಬಿಟ್ಟು ಹೊಸ ಬಾಟಲಿ ಕೇಳಿ.

ಉಗುಳುವುದಕ್ಕೆ ನಾಚಿಕೆ ಪಡುವವರು ಈ ಲೆಕ್ಕ ನೋಡಲಿ. 30 ಮಿ.ಲೀ.ನಂತೆ ಐದು ಗ್ಲಾಸ್ ಅಂದರೆ 150 ಮಿ.ಲೀ. ಶೇ. 13ರ ವೈನಿನಲ್ಲಿ ಅಷ್ಟಕ್ಕೆ ಸುಮಾರು 15 ಗ್ರಾಂ ಮದ್ಯಸಾರ. ಪೂರ್ತಿ ನುಂಗಿದ 60 ಕಿಲೋ ತೂಕದ ಗಂಡಸಿನ 100 ಮಿ.ಲೀ. ರಕ್ತದಲ್ಲಿ ಅದು ಹೆಚ್ಚುಕಡಿಮೆ 38 ಮಿಲಿಗ್ರಾಂ ಆಗುತ್ತದೆ, ಅಷ್ಟೇ ತೂಕದ ಹೆಂಗಸರಲ್ಲಿ ಇನ್ನೂ ಹೆಚ್ಚು. ವಾಹನ ಓಡಿಸಲು ಕಾನೂನಿನ ಮಿತಿ 30. ಇಳಿಯುವುದು ಗಂಟೆಗೆ 15ರಷ್ಟು ಮಾತ್ರ. ನಮ್ಮ ಗುಂಪಿನಲ್ಲಿ ಕಾರು ಓಡಿಸುವವರು ಗ್ಲಾಸ್ ಮುಟ್ಟುವುದೇ ಇಲ್ಲ, ಅಥವಾ ಬಾಡಿಗೆ ಗಾಡಿ.

ಕೊಂಡ ಬಾಟಲಿಗಳಿಗೆ ಥರ್ಮಾಕೋಲ್ ಡಬ್ಬ, ಒಂದು ಒದ್ದೆ ಟವೆಲ್ ಒಯ್ಯಿರಿ. ಮಾರ್ಚ್ ಮಧ್ಯಾಹ್ನ ನಿಲ್ಲಿಸಿದ ಕಾರಿನ ಡಿಕ್ಕಿಯೊಳಗೆ ವೈನ್ ಕಾದು ಹಿಗ್ಗಿ ಕಾರ್ಕನ್ನು ಮೇಲಕ್ಕೆ ತಳ್ಳುತ್ತದೆ. ಊಟಕ್ಕೆ ಎಲ್ಲಾದರೂ ನಿಲ್ಲಿಸುವುದಿದ್ದರೆ ಬಾಟಲಿ ಕೊಳ್ಳುವುದನ್ನು ಊಟದ ನಂತರಕ್ಕೆ ಇಟ್ಟುಕೊಳ್ಳಿ, ಬಿಲ್ಲನ್ನು ಬಾಟಲಿಯ ಜೊತೆಗೇ ಇಡಿ.