ತೇಲೋ ಮನೆ ಕಿಟಕಿಗೆ ಸೋಲಾರ್ ಗಾಜು ಹಾಕ್ಸೋ ಮುಂಚೆ

ಮಾಲ್ಡೀವ್ಸ್‌ನಲ್ಲಿ ರಾಜಧಾನಿ ಮಾಲೆ ಪಕ್ಕದ ಲಗೂನ್‌ನಲ್ಲಿ (ಹವಳದ ದಿಬ್ಬದೊಳಗಿನ ಶಾಂತ ನೀರಲ್ಲಿ) 5,000 ಮನೆ-ಅಂಗಡಿಗಳ ತೇಲೋ ಊರು ಕಟ್ಟೋ ಯೋಜನೆ ಇದೆ, ಡಚ್ಚರ ಡಿಸೈನು. ಅಂಥ ಕಡೆ ಸಮುದ್ರ ಕಾಣ್ಲಿ ಅಂತ ದೊಡ್ಡ ದೊಡ್ಡ ಗಾಜು ಇಟ್ಟಾಗ ಆ ಗಾಜಿಂದಲೇ ಕರೆಂಟ್ ತೆಗೀಬಹುದಲ್ಲ ಅನ್ಸುತ್ತೆ. ತೆಗೀಬಹುದು, ಆದ್ರೆ ಮೊದ್ಲು ಲೆಕ್ಕ ನೋಡಿ.

ಮಾಲೆ ಇರೋದು ಭೂಮಧ್ಯರೇಖೆಯಿಂದ ಬರೀ 4 ಡಿಗ್ರಿ ಉತ್ತರಕ್ಕೆ. ಮಧ್ಯಾಹ್ನ ಸೂರ್ಯ ನೆತ್ತಿ ಮೇಲೇ ಇರ್ತಾನೆ, ನೆಟ್ಟಗೆ ನಿಂತಿರೋ ಗಾಜಿಗೆ ಬಿಸಿಲು ಸವರ್ಕೊಂಡು ಹೋಗುತ್ತೆ ಅಷ್ಟೆ. ಚಾವಣಿ ಮೇಲೆ 10 ಚದರ ಮೀಟರ್ ಮಾಮೂಲಿ ಪ್ಯಾನೆಲ್ ದಿನಕ್ಕೆ ಸುಮಾರು 8 ಯೂನಿಟ್ ಕೊಟ್ರೆ ಅಷ್ಟೇ ಅಗಲದ ಕಿಟಕಿ ಗಾಜಿಂದ ಹೆಚ್ಚು ಕಡಿಮೆ 1 ಯೂನಿಟ್, ಅಂದ್ರೆ ಒಂದು ಸಣ್ಣ ಫ್ರಿಜ್ಜಿಗಾಗುವಷ್ಟು. ಆದ್ದರಿಂದ ಚಾವಣಿ ತುಂಬಿಸದೆ ಕಿಟಕಿಗೆ ಕೈ ಹಾಕ್ಬೇಡಿ. ಆಮ್‌ಸ್ಟರ್‌ಡ್ಯಾಮ್‌ನ ಸ್ಖೋನ್‌ಸ್ಖಿಪ್ ಅನ್ನೋ ತೇಲೋ ಬಡಾವಣೇಲಿ 46 ಕುಟುಂಬ ನೀರ ಮೇಲಿವೆ, ಅಲ್ಲೂ 500ಕ್ಕೂ ಹೆಚ್ಚು ಮಾಮೂಲಿ ಪ್ಯಾನೆಲ್ಲೇ ಇರೋದು. ನೀರಿನ ಪ್ರತಿಫಲನ ಸಿಗುತ್ತಲ್ಲ ಅಂತೀರಾ? ಸೂರ್ಯ ಮೇಲಿದ್ದಾಗ ಸಮುದ್ರ ವಾಪಸ್ ಕಳ್ಸೋದು ನೂರಕ್ಕೆ ಐದಾರು ಪಾಲು ಬೆಳಕು, ಇಳಿಬಿಸಿಲಲ್ಲಿ ಮಾತ್ರ ಜಾಸ್ತಿ, ಹಾಗಾಗಿ ಸೋಲಾರ್ ಗಾಜು ಪೂರ್ವ-ಪಶ್ಚಿಮದ ಗೋಡೆಗೇ ಇರ್ಲಿ. ಒಂದೇ ಲಂಗರಿಗೆ ಕಟ್ಟಿದ ಮನೆ ಗಾಳಿ ಬಂದ ಕಡೆ ತಿರುಗುತ್ತೆ, ಗೋಡೆ ದಿಕ್ಕು ತಪ್ಪದ ಹಾಗೆ ನಾಕು ಮೂಲೆಗೂ ಕಟ್ಟಿ.

ಮತ್ಯಾಕೆ ಹಾಕ್ಸಬೇಕು? ನನ್ನ ಪ್ರಕಾರ ಸೆಕೆಗೋಸ್ಕರ. ಈ ಗಾಜಲ್ಲಿ ಒಂದು ಜಾತಿ ಕಣ್ಣಿಗೆ ಕಾಣದ ಅತಿನೇರಳೆ ಮತ್ತೆ ಅವಕೆಂಪು ಬೆಳಕನ್ನ ಹಿಡಿಯುತ್ತೆ, ಸಂಜೆ ಬಿಸಿಲಿನ ಕಾವು ಒಳಗೆ ಬರೋದು ಕಮ್ಮಿ ಆಗಿ ಎಸಿ ಓಡೋದೂ ಕಮ್ಮಿ ಆಗುತ್ತೆ. ಮಾರ್ಕೆಟಲ್ಲಿ ಸಿಗೋ ಇನ್ನೊಂದು ಜಾತಿ ತೆಳು ಸಿಲಿಕಾನ್ ಪದರದ್ದು, ಚದರ ಮೀಟರಿಗೆ 30-40 ವಾಟ್, ಸ್ವಲ್ಪ ಕಂದು ಬಣ್ಣ, ಬೆಳಕು ಐದರಲ್ಲೊಂದು ಪಾಲಷ್ಟೇ ಒಳಗೆ ಬರುತ್ತೆ. ಕಡಲು ನೋಡೋ ಹಾಲಿಗಲ್ಲ, ಬಾತ್‌ರೂಮಿಗೆ, ಮೆಟ್ಟಿಲಿಗೆ ಸರಿ.

ತೂಕ ಮರೀಬೇಡಿ. 6 ಮಿಮೀ ಗಾಜು ಎರಡು ಅಂಟಿಸಿದ್ರೆ ಚದರ ಮೀಟರಿಗೆ 30 ಕೆಜಿ, ಹತ್ತು ಚದರ ಮೀಟರಿಗೆ 300 ಕೆಜಿ, ಅದೆಲ್ಲ ಒಂದೇ ಬದಿಗಾದ್ರೆ ಮನೆ ವಾಲುತ್ತೆ. ಬ್ಯಾಟರಿ ಎದುರು ಬದೀಲಿ, ಆದಷ್ಟು ಕೆಳಗಿಟ್ಟು ಸರಿದೂಗ್ಸಿ, ಆದ್ರೆ ನೀರು ನುಗ್ಗದ ಪೆಟ್ಟಿಗೇಲಿ.

ನಿಜವಾದ ಶತ್ರು ಉಪ್ಪು. ನಮ್ ಕರಾವಳೀಲಿ ಸಮುದ್ರಕ್ಕೆ ಮುಖ ಮಾಡಿದ ಮನೆ ಕಿಟಕಿ ಸರಳು ನೋಡಿ, ಪೇಂಟ್ ಉಬ್ಬಿ, ಒಳಗೆ ಕಬ್ಬಿಣ ಹಪ್ಪಳದ ಥರ ಎದ್ದಿರುತ್ತೆ, ಬೆರಳಲ್ಲಿ ಒತ್ತಿದ್ರೆ ಪುಡಿ. ಅದು ದಡದಲ್ಲಿ, ಇಲ್ಲಿ ಮನೆ ನೀರಿನ ಮೇಲೇ ಇದೆ. ಐಇಸಿ 61701 ಅನ್ನೋ ಉಪ್ಪುಮಂಜಿನ ಟೆಸ್ಟ್ ಪಾಸಾಗಿದ್ಯಾ ಅಂತ ಸರ್ಟಿಫಿಕೇಟ್ ನೋಡಿಯೇ ದುಡ್ಡು ಕೊಡಿ. ಸ್ಕ್ರೂಗಳು ಉಪ್ಪು ತಡ್ಕೊಳ್ಳೋ 316 ದರ್ಜೆ ಸ್ಟೇನ್‌ಲೆಸ್ ಸ್ಟೀಲ್ ಇರ್ಲಿ, ಅದಕ್ಕೂ ಅಲ್ಯೂಮಿನಿಯಂ ಫ್ರೇಮಿಗೂ ನಡುವೆ ನೈಲಾನ್ ವಾಷರ್ ಹಾಕ್ಸಿ, ಇಲ್ಲಾಂದ್ರೆ ಉಪ್ಪುನೀರು ಬಿದ್ದ ಕಡೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತೆ. ವೈರು ಜಂಕ್ಷನ್ ಬಾಕ್ಸಿಗೆ ಹೋಗೋ ಮುಂಚೆ ಒಂದು ಗೇಣು ಕೆಳಗೆ ಜೋತು ಬಿದ್ದು ಆಮೇಲೆ ಮೇಲೆ ಹತ್ಲಿ, ನೀರು ಆ ಬಗ್ಗಿದ ಜಾಗದಲ್ಲೇ ತೊಟ್ಟಿಕ್ಕಿ ಹೋಗುತ್ತೆ.

ಗಾಜಿನ ಮೇಲೆ ಬಿಳಿ ಪೊರೆ ಕಂಡ ತಕ್ಷಣ ಒಣಬಟ್ಟೇಲಿ ಉಜ್ಜಬೇಡಿ, ಉಪ್ಪಿನ ಹರಳು ಗೀರು ಹಾಕುತ್ತೆ. ಮಳೆನೀರು ಹಿಡಿದಿಟ್ಕೊಂಡು ಮೊದ್ಲು ಸುರೀರಿ, ಉಪ್ಪು ಕರಗಿದ ಮೇಲೆ ಮೆತ್ತನೆ ಬಟ್ಟೆ.